ಮಣ್ಣು ಕೇಳಿದ ಗುಮ್ಮ

ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಸದ್ದೂ ಕಡಿಮೆಯಾಗುತ್ತದೆ ಎಂದು ಜನ ನಂಬಿದ್ದಾರೆ. ನನ್ನ ಹೆಂಡತಿ ಮಹಾದೇವಿ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಚಹಾದ ಕಪ್ಪು ಕೆಳಗಿಡುತ್ತ ಅದನ್ನೇ ಹೇಳಿದರು: “ಇನ್ನ ಮನಿ ಭಣಭಣ ಅಂತದ ನೋಡ್ರಿ ಸಾಹೇಬ್ರ.” ಅನುಭವಸ್ಥರ ಮಾತು. ಮೊದಲ ಕೆಲವು ತಿಂಗಳು ಮನೆ ಅವರು ಹೇಳಿದಂತೆಯೇ ಭಣಭಣ ಎಂದಿತು. ಆಮೇಲೆ ಗುಂಯ್ ಎನ್ನತೊಡಗಿತು. ಭಣಭಣಕ್ಕೆ ಏನು ಮಾಡಬೇಕೆಂದು ಹೇಳುವವರು ಆಳಂದದಲ್ಲಿ ಓಣಿಗೆ ನಾಲ್ಕು ಜನ ಸಿಗುತ್ತಾರೆ. ದೇವರ ಮೇಲೆ ಭಾರ ಹಾಕು, ಮುಂಜಾನೆ ಎದ್ದು ವಾಕಿಂಗ್ ಹೋಗು, ಮಗಳ ಮನೆಗೆ ಹೋಗಿ ಇರು. ಗುಂಯ್ ಎನ್ನುವುದಕ್ಕೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ದೇವರ ಮೇಲೆ ಭಾರ ಹಾಕಿದೆ, ಗುಂಯ್ ಎಂದಿತು. ವಾಕಿಂಗ್ ಹೋಗಿ ಬಂದೆ; ಬಾಗಿಲು ತೆಗೆದ ಕೂಡಲೇ ಬರಮಾಡಿಕೊಳ್ಳುವವರಂತೆ ಗುಂಯ್ ಎಂದಿತು.

ಸದ್ದು ಮಾಡುತ್ತಿದ್ದದ್ದು ಟೀವಿಯ ಕೆಳಗೆ ನೆಲದ ಮೇಲೆ ಕುಳಿತಿರುವ ಕರಿಯ ಪೆಟ್ಟಿಗೆ. ಅದರ ಪೇಟೆಯ ಹೆಸರು ಸಬ್‌ವೂಫರ್. ಹಾಡಿನಲ್ಲಿರುವ ದಪ್ಪ ದನಿಯನ್ನೆಲ್ಲ ಇದೊಂದೇ ಹೊರಡಿಸುತ್ತದೆ, ಉಳಿದ ಸಣ್ಣಪುಟ್ಟ ದನಿಗಳನ್ನು ಗೋಡೆಯ ಮೇಲಿನ ಎರಡು ಚಿಕ್ಕ ಸ್ಪೀಕರುಗಳು ನೋಡಿಕೊಳ್ಳುತ್ತವೆ. ಮಹಾದೇವಿಗೆ ಈ ಹೆಸರು ಬಾಯಿಗೆ ಹತ್ತಲಿಲ್ಲ. ಮೂಲೆಯಲ್ಲಿ ಕುಳಿತು ಗುಮ್ ಗುಮ್ ಎನ್ನುವುದರಿಂದ ಅವಳು ಅದಕ್ಕೆ ಗುಮ್ಮ ಎಂದು ಹೆಸರಿಟ್ಟಳು. ಮಕ್ಕಳನ್ನು ಹೆದರಿಸಲು ಹುಟ್ಟಿದ ಹೆಸರು ಮುಂದೆ ನನ್ನನ್ನು ಹೆದರಿಸುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಗುಮ್ಮನನ್ನು ಮನೆಗೆ ತಂದವಳು ಅವಳೇ. ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು ಅವಳ ಕಿವಿ ಮಂದವಾಗತೊಡಗಿತ್ತು. ಓಣಿಯ ಅಕ್ಕನ ಬಳಗದಲ್ಲಿ ವಚನ ಹಾಡಲು ಕುಳಿತರೆ ಉಳಿದವರು ಒಂದು ಸಾಲು ಮುಗಿಸಿ ಮುಂದೆ ಹೋದರೂ ಇವಳು ಹಿಂದಿನ ಸಾಲಿನಲ್ಲೇ ಇರುತ್ತಿದ್ದಳು. ಕಿವಿಗೆ ಯಂತ್ರ ಹಾಕಿಸೋಣ ಎಂದರೆ ಒಪ್ಪಲಿಲ್ಲ. ಒಂದು ದಿನ ಕಲಬುರಗಿಯಿಂದ ನಾನು ಟಿಕೀಟು ಹರಿಯುತ್ತಿದ್ದ ಬಸ್ಸಿನಲ್ಲೇ, ನನ್ನದೇ ಕಣ್ಣೆದುರು, ಈ ಪೆಟ್ಟಿಗೆಯನ್ನು ಲಗೇಜು ಟಿಕೀಟು ತೆಗೆಸಿ ಇಳಿಸಿಕೊಂಡಳು. ಪೆಟ್ಟಿಗೆಯ ಮುಂಭಾಗಕ್ಕೆ ಕರಿಯ ಬಟ್ಟೆ, ಪಕ್ಕದಲ್ಲಿ ಇಲಿಯ ಬಿಲದಂತಹ ದುಂಡನೆಯ ತೂತು. ತೂತು ಯಾಕೆ ಎಂದು ಕೇಳಿದೆ. “ಗಾಳಿ ಆಡಾಕಂತ. ಅಂಗಡಿಯಂವ ಹೇಳ್ಯಾನ” ಎಂದಳು. ಉಸಿರಾಡುವ ವಸ್ತುವಿಗೆ ಇಂದಲ್ಲ ನಾಳೆ ನೆಗಡಿ ಬರುತ್ತದೆ ಎಂದು ನಾನು ಆಗಲೇ ಹೇಳಿದ್ದೆ.

ಅವಳು ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಹಿಮ್ಮಡಿಯನ್ನು ಪೆಟ್ಟಿಗೆಯ ಬಟ್ಟೆಗೆ ಒತ್ತಿ ವಚನ ಕೇಳುತ್ತಿದ್ದಳು. “ಕಿವ್ಯಾಗ ಕೇಳದಿದ್ರ ಏನಾತ್ರಿ? ಕಾಲಾಗ ಕೇಳ್ತದ” ಎನ್ನುತ್ತಿದ್ದಳು. ಹಾಡು ಮುಗಿದದ್ದು ನನಗಿಂತ ಮೊದಲು ಅವಳ ಹಿಮ್ಮಡಿಗೆ ತಿಳಿಯುತ್ತಿತ್ತು. ಅವಳ ಹಿಮ್ಮಡಿ ಒತ್ತಿ ಒತ್ತಿ ಆ ಬಟ್ಟೆಯಲ್ಲಿ ಒಂದು ತಗ್ಗು ಬಿದ್ದಿದೆ. ಈಗಲೂ ಇದೆ.

ಇನ್ನು ನನ್ನ ಕಿವಿಯ ವಿಷಯ ಹೇಳಬೇಕು, ಯಾಕೆಂದರೆ ನಾನು ಹೇಳದಿದ್ದರೆ ಹೇಳುವವರು ಯಾರೂ ಇಲ್ಲ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಆಳಂದ–ನರೋಣಾ ರಸ್ತೆಯಲ್ಲಿ ಟಿಕೀಟು ಹರಿಯುತ್ತಲೇ ಬಸ್ಸಿನ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದೆ. ಡ್ರೈವರುಗಳು ಮೆಕ್ಯಾನಿಕ್ಕಿಗೆ ತೋರಿಸುವ ಮೊದಲು ನನಗೆ ಕೇಳಿಸುತ್ತಿದ್ದರು. ಅಂಥ ಕಿವಿಗೆ ಗುಮ್ಮ ಬಂದ ಕೆಲವೇ ತಿಂಗಳಲ್ಲಿ ಒಂದು ವಿಚಿತ್ರ ಸದ್ದು ಬಿತ್ತು. ತಬಲಾದ ದಪ್ಪ ಪೆಟ್ಟು ಬಿದ್ದಾಗಲೆಲ್ಲ ಒಳಗಿನಿಂದ ‘ಗಿಲ್’ ಎನ್ನುವುದು. “ಸ್ಕ್ರೂ ಸಡಿಲಾಗ್ಯದ” ಎಂದು ನಾನು ತೀರ್ಪು ಕೊಟ್ಟೆ. ಮಹಾದೇವಿ ಹಿಮ್ಮಡಿ ತೆಗೆಯದೆ, ನನ್ನ ಕಡೆ ತಿರುಗದೆ, “ನನಗೇನೂ ಕೇಳವಲ್ದು” ಎಂದಳು. ಕಿವಿ ಕೇಳದವರ ಜೊತೆ ಸದ್ದಿನ ವಿಷಯದಲ್ಲಿ ಎಷ್ಟು ವಾದ ಮಾಡಲಾದೀತು?

ಹೋದ ವರ್ಷ ಉಗಾದಿಗೆ ಸ್ವಲ್ಪ ಮೊದಲು ಅವಳು ಹೋದಳು. ಆಸ್ಪತ್ರೆಗೆ ನಡೆದುಕೊಂಡೇ ಹೋದಳು, ನಡೆದುಕೊಂಡು ಬರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಗುಮ್ಮ ಮಳೆಗಾಲ ಕಳೆಯುವವರೆಗೆ ಸುಮ್ಮನಿದ್ದ. ಚಳಿ ಬಿದ್ದ ಮೇಲೆ ಒಂದು ಸಂಜೆ ವಚನ ಹಚ್ಚೋಣ ಎಂದು ಬಟನ್ ಒತ್ತಿದರೆ, ವಚನಕ್ಕಿಂತ ಮೊದಲು ಅವನೇ ಶುರು ಮಾಡಿದ. ಬಿಸಿಲು ಏರಿದಂತೆ ಅವನ ರಾಗವೂ ಏರಿತು. ಫ್ರಿಜ್ಜು ಚಾಲೂ ಆದರೆ ‘ಧಡ್’ ಎನ್ನುವುದು, ಯಾರೋ ಬಾಗಿಲು ಒದ್ದಂತೆ. ಅದಾದ ಮೇಲೆ ಮತ್ತೆ ಗುಂಯ್. ಹಳೆಯ ‘ಗಿಲ್’ ಈ ಗದ್ದಲದಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನು ಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಸರಿಸಿದೆ. ಕೆಳಗೆ ಇಟ್ಟಂಗಿ ಇಟ್ಟೆ. ಇಟ್ಟಂಗಿಯ ಮೇಲೆ ಕೌದಿ ಮಡಚಿ ಇಟ್ಟೆ. ಮೊಬೈಲಿನಲ್ಲಿ ನೋಡಿದರೆ ಒಬ್ಬ ಹುಡುಗ ಎಲ್ಲ ವಯರುಗಳನ್ನೂ ಕಿತ್ತು ಒಂದೊಂದಾಗಿ ಸಿಕ್ಕಿಸಿ ನೋಡಿ ಎಂದ. ಎಲ್ಲವನ್ನೂ ಕಿತ್ತೆ. ಬರೀ ಕರೆಂಟಿನ ವಯರು ಉಳಿದಾಗಲೂ ಗುಂಯ್ ಎಂದಿತು. ತಿರುಗಿ ಸಿಕ್ಕಿಸುವಾಗ ಯಾವುದು ಎಲ್ಲಿತ್ತೆಂದು ಮರೆತು ಎರಡು ದಿನ ಟೀವಿಯಲ್ಲಿ ಚಿತ್ರ ಬಂದರೆ ದನಿ ಬರಲಿಲ್ಲ, ದನಿ ಬಂದರೆ ಚಿತ್ರ ಬರಲಿಲ್ಲ.

ಈ ಪ್ರಯೋಗಗಳಲ್ಲಿ ಒಂದು ಸಂಗತಿ ಮಾತ್ರ ಕಂಡುಕೊಂಡೆ. ಪೆಟ್ಟಿಗೆಯ ಹಿಂದೆ ಇರುವ ತಗಡಿನ ಮೇಲೆ ನಾನು ಕೈ ಇಟ್ಟರೆ ಅದು ಸುಮ್ಮನಾಗುತ್ತದೆ. ಕೈ ತೆಗೆದರೆ ತೊಟ್ಟಿಲ ಕೂಸಿನಂತೆ ಮತ್ತೆ ಶುರು. ಹೀಗಾಗಿ ವಚನ ಕೇಳಬೇಕೆಂದರೆ ನಾನು ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕುಳಿತು, ಗುಮ್ಮನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೇಳಬೇಕಾಯಿತು. ಕೈ ಸೋತಾಗ, “ಸಾಕು ಬಿಡು, ಎಷ್ಟಂತ ಅಳ್ತಿ?” ಎಂದು ಗದರುತ್ತಿದ್ದೆ. ಒಂದು ಸಂಜೆ ಹೀಗೆ ಗದರುತ್ತಿದ್ದಾಗ ತಲೆ ಎತ್ತಿದರೆ ಬಾಗಿಲಲ್ಲಿ ಮಗಳು ಸುವರ್ಣಾ ನಿಂತಿದ್ದಳು.

ಸುವರ್ಣಾಳ ಮನೆ ಅಫಜಲಪುರದಲ್ಲಿ. ಕರಜಗಿಯ ಶಾಲೆಯಲ್ಲಿ ಟೀಚರ್. ರಜೆಗೆಂದು ಹೇಳದೆ ಬಂದಿದ್ದಳು. ಅಪ್ಪ ಒಂದು ಕರಿಯ ಪೆಟ್ಟಿಗೆಯ ಬೆನ್ನು ಸವರುತ್ತ ಅದಕ್ಕೆ ಸಮಾಧಾನ ಹೇಳುವುದನ್ನು ನೋಡಿ ಅವಳ ಮುಖ ಸಣ್ಣದಾಯಿತು. ನಾನು ತಗಡು, ಕೈ, ಕರೆಂಟು ಎಂದು ವಿವರಿಸಿದಷ್ಟೂ ಇನ್ನೂ ಸಣ್ಣದಾಯಿತು.

“ಅಪ್ಪಾ, ನೀ ನನ್ನ ಜೊತಿ ಅಫಜಲಪುರಕ್ಕ ಬಾ.”

“ಬರ್ತೇನಿ. ಇದೊಂದು ರಿಪೇರಿ ಆಗ್ಲಿ.”

“ಅದಕ್ಕ ಹೇಳಾಕತ್ತೇನಿ. ಅವ್ವನ ವರ್ಷದ ಕಾರ್ಯ ಬಂತು. ಅಷ್ಟರಾಗ ಇದು ಸುಮ್ಮನಾಗಬೇಕು, ಇಲ್ಲಂದ್ರ ಭಂಗಾರದಂವನ ಗಾಡಿ ಏರಬೇಕು. ಇದರ ಮುಂದ ನೀ ಹಿಂಗ ಕುಂತಿದ್ದು ಇನ್ನೊಮ್ಮೆ ನಾ ನೋಡಬಾರ್ದು.”

ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಭಂಗಾರದವನು ಓಣಿಯಲ್ಲಿ ಕೂಗುತ್ತ ಬಂದರೆ ಹೊಸಬರು ಚಿನ್ನ ಮಾರಲು ಬಂದನೇನೋ ಎಂದು ಹೊರಗೆ ಬರುತ್ತಾರೆ. ಒಂದು ಉಸಿರು ಹೆಚ್ಚಾದರೆ ಗುಜರಿ, ಕಡಿಮೆಯಾದರೆ ಚಿನ್ನ. ಮನೆಯಲ್ಲಿರುವ ವಸ್ತುಗಳೂ ಹಾಗೆಯೇ. ಮಗಳಿಗೆ ಕೇಳಿಸಿದ ಅಕ್ಷರ ಒಂದು, ನನಗೆ ಕೇಳಿಸಿದ್ದು ಇನ್ನೊಂದು. ಬಟ್ಟೆಯಲ್ಲಿರುವ ಹಿಮ್ಮಡಿಯ ತಗ್ಗನ್ನು ಅವಳಿಗೆ ತೋರಿಸಬೇಕೆಂದುಕೊಂಡೆ. ಆದರೆ ಆಗಲೇ ಅವಳು ನನ್ನನ್ನು ನೋಡುತ್ತಿದ್ದ ರೀತಿಗೆ, ಅದನ್ನೂ ತೋರಿಸಿದರೆ ಅಂದೇ ಬಸ್ಸು ಹತ್ತಿಸುತ್ತಾಳೆ ಎನಿಸಿ ಎದ್ದು ಚಹಾ ಇಡಲು ಹೋದೆ.

ವರ್ಷದ ಕಾರ್ಯ ಹತ್ತಿರ ಬಂದಾಗ ರುಕ್ಮೋದ್ದೀನನನ್ನು ಕರೆದೆ. ರುಕ್ಮೋದ್ದೀನ್ ಮದುವೆ ಮೆರವಣಿಗೆಗಳಿಗೆ ದೊಡ್ಡ ಸ್ಪೀಕರು ಕಟ್ಟುವವನು. ಆಯುಷ್ಯವೆಲ್ಲ ಅವುಗಳ ಪಕ್ಕದಲ್ಲಿ ಕಳೆದದ್ದರಿಂದ ಅವನಿಗೆ ಸಣ್ಣ ದನಿ ಎಂಬುದು ಗೊತ್ತಿಲ್ಲ. ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ. ಬಂದವನೇ ಗುಮ್ಮನ ಮುಂದೆ ಕುಳಿತು, ಉಪಕರಣದ ಚೀಲ ಬಿಚ್ಚುವ ಬದಲು ಅಂಗೈಯಲ್ಲಿ ತಂಬಾಕು–ಸುಣ್ಣ ತಿಕ್ಕತೊಡಗಿದ. ನನಗೆ ಸುಮ್ಮನಿರಲಾಗಲಿಲ್ಲ.

“ಬಿಡಲೇ ಅದನ್ನ. ನಾ ಬಿಡಲಿಲ್ಲೇನು? ಮನಸ ಗಟ್ಟಿ ಬೇಕು.”

“ನಿಮ್ಮಂಗ ಎಲ್ಲರಿಗಿ ಆಗ್ತದೇನ್ರಿ ಸಾಹೇಬ್ರ? ನಿಮ್ಮ ಜಿಗರ್ ಬ್ಯಾರೆ.”

ಆಗುವುದಿಲ್ಲ, ನನಗೂ ಗೊತ್ತು. ನಾನು ತಂಬಾಕು ಬಿಟ್ಟ ಕತೆ ನಮ್ಮ ಡಿಪೋದಲ್ಲಿ ಪ್ರಸಿದ್ಧವಾದದ್ದು. ಆ ದಿನಗಳಲ್ಲಿ ನನ್ನ ತಂಬಾಕಿನ ಡಬ್ಬಿ ಮೇಲಿಂದ ಮೇಲೆ ಕಳೆಯುತ್ತಿತ್ತು. ಒಂದು ಬದಿ ತಂಬಾಕು, ಇನ್ನೊಂದು ಬದಿ ಸುಣ್ಣ ತುಂಬುವ ಸಣ್ಣ ಸ್ಟೀಲಿನ ಡಬ್ಬಿ. ಡ್ಯೂಟಿ ಮುಗಿಸಿ ಬಂದು ಅಂಗಿ ಗೂಟಕ್ಕೆ ಹಾಕಿರುತ್ತಿದ್ದೆ. ಮುಂಜಾನೆ ಜೇಬು ಮುಟ್ಟಿದರೆ ಇರುತ್ತಿರಲಿಲ್ಲ. ಮಹಾದೇವಿ, “ಬಸ್ನ್ಯಾಗ ಬಿಟ್ಟಿರ್ಬೇಕು, ನೋಡ್ರಿ ಚಲೋತ್ನಂಗ” ಎನ್ನುತ್ತಿದ್ದಳು. ಡಬ್ಬಿಯ ತಳಕ್ಕೆ ಮೊಳೆಯಿಂದ ‘ಶ’ ಎಂದು ಕೊರೆದೆ, ಶರಣಪ್ಪನ ‘ಶ’. ಆದರೂ ಕಳೆದವು. ಕಡೆಗೊಂದು ದಿನ, ಕಳೆದುಹೋಗುವ ವಸ್ತುವಿನ ಮೇಲೆ ಮೋಹ ಯಾಕೆ ಎಂಬ ವೈರಾಗ್ಯ ನನ್ನೊಳಗೆ ತಾನಾಗಿ ಹುಟ್ಟಿತು. ಹೊಸ ಡಬ್ಬಿ ಕೊಳ್ಳಲಿಲ್ಲ. ನನ್ನ ನಿವೃತ್ತಿಯ ಸಮಾರಂಭದಲ್ಲಿ ಮನೋಬಲದ ಬಗ್ಗೆ ನಾಲ್ಕು ಮಾತಾಡಿದ್ದೆ. ಮಹಾದೇವಿ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದ್ದಳು.

ರುಕ್ಮೋದ್ದೀನ್ ಮೊದಲು ಕೇಬಲ್ ವಯರಿನ ತಪ್ಪು ಎಂದ. ಅದನ್ನು ಕಿತ್ತ, ಗುಂಯ್. ಫ್ರಿಜ್ಜಿನ ತಪ್ಪು ಎಂದ. ಅದನ್ನು ಬಂದ್ ಮಾಡಿದ. ಮಜ್ಜಿಗೆ ಹುಳಿಯಾಯಿತು, ಗುಮ್ಮ ಬದಲಾಗಲಿಲ್ಲ. ಎರಡನೆಯ ಸಲ ಬಂದವನು ಪೆಟ್ಟಿಗೆಯ ಹಿಂದಿನ ತಗಡು ಬಿಚ್ಚಿ, ಒಳಗೆ ಇಣುಕದೆ ತಗಡಿಗೇ ಹತ್ತಿದ್ದ ಒಂದು ಬಿಡಿಭಾಗ ಬದಲಾಯಿಸಿ, “ಖರಾಬ್ ಆಗಿತ್ತು” ಎಂದ. ಗುಮ್ಮ ಮೊದಲಿಗಿಂತ ಖುಷಿಯಿಂದ ಗುಂಯ್ ಎಂದಿತು. ರುಕ್ಮೋದ್ದೀನನಿಗೆ ಸಿಟ್ಟು ಬಂತು. ಕಡೆಗೆ ಗೋಡೆಯ ಪ್ಲಗ್ಗಿನೊಳಗೆ ಟೆಸ್ಟರ್ ಚುಚ್ಚಿ, ಬಲ್ಬು ಹಚ್ಚಿ ನೋಡಿ, ನನ್ನ ಕಡೆ ತಿರುಗಿ ಹೇಳಿದ:

“ಸಾಹೇಬ್ರ, ಡಬ್ಬಾ ಬರಾಬರ್ ಅದ. ನಿಮ್ಮ ಮನಿಗೇ ಮಣ್ಣಿಲ್ಲ.”

ಅವನು ಹೇಳಿದ್ದು ಅರ್ಥಿಂಗ್ ವಿಷಯ. ಮನೆ ಕಟ್ಟಿದಾಗ ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಉಪ್ಪು–ಇದ್ದಿಲು ತುಂಬಿ, ಒಂದು ಸರಳು ಹುಗಿದು ಮನೆಯ ಕರೆಂಟಿಗೆ ನೆಲದ ಸಂಬಂಧ ಮಾಡಿಸಿದ್ದೆವು. ಅದಕ್ಕೆ ಆಗಾಗ ನೀರು ಹಾಕಬೇಕು. ಹಾಕುತ್ತಿದ್ದವಳು ಮಹಾದೇವಿ, ನಾನು ಅದನ್ನು ತುಳಸಿಗೆ ಹಾಕಿ ಮಿಕ್ಕ ನೀರು ಚೆಲ್ಲುವ ಜಾಗ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಕರಿಯ ಮಣ್ಣು ಒಣಗಿ ಬಾಯಿ ಬಿಟ್ಟಿತ್ತು, ಸರಳು ತುಕ್ಕು ತಿಂದು ಕೈಗೆ ಬಂತು.

“ಮಣ್ಣ ಕೊಡಬೇಕ್ರಿ. ನಾಳಿಗಿ ಮುಂಜಾನಿ ಕೊಟ್ಟಬಿಡೋಣ” ಎಂದು ರುಕ್ಮೋದ್ದೀನ್ ಬೀದಿಗೆ ಹೋಗಿ ನಿಂತ. ಮೊಬೈಲ್ ತೆಗೆದು ಕಿರಾಣಿ ಅಂಗಡಿಯವನಿಗೆ ಹೇಳಿದ: “ಕಂಡಕ್ಟರ್ ಸಾಹೇಬ್ರ ಮನ್ಯಾಗ ನಾಳಿಗಿ ಮಣ್ಣದ. ಒಂದ ಚೀಲ ಉಪ್ಪ ಕಳಸ್ರಿ, ಹರಳುಪ್ಪ!” ಆಮೇಲೆ ಇನ್ನೊಬ್ಬರಿಗೆ: “ಗುಂಡಿ ತೋಡಾಕ ಇಬ್ಬರನ ಕಳಸು. ಹೂಂ, ಸಾಹೇಬ್ರ ಮನಿಗೇ. ಜಲ್ದಿ ಮುಗಸಬೇಕು, ಬಿಸಲ ಭಾಳ ಅದ!”

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇದರಲ್ಲಿ ಏನೂ ಅನಿಸದು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಗುಂಡಿ ತೋಡಿ, ಕೂರಿಸಿ, ಉಪ್ಪು–ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ಹೀಗಾಗಿ ಅಂತ್ಯಕ್ರಿಯೆಗೇ ಮಣ್ಣು ಎಂದು ಹೆಸರು. ‘ನಿನ್ನೆ ಯಾಕೆ ಬರಲಿಲ್ಲ?’ ಎಂದರೆ ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತೇವೆ. ಹೆಂಡತಿ ಹೋಗಿ ವರ್ಷ ತುಂಬುತ್ತ ಬಂದ ಒಂಟಿ ಮನುಷ್ಯನ ಮನೆಯಲ್ಲಿ ನಾಳೆ ಮಣ್ಣು, ಒಂದು ಚೀಲ ಉಪ್ಪು, ಗುಂಡಿ ತೋಡುವವರು ಇಬ್ಬರು. ಇಷ್ಟು ಕೇಳಿದ ಮೇಲೆ ಯಾರು ಸತ್ತರು ಎಂದು ಕೇಳುವ ಗರಜು ಯಾರಿಗೆ ಬೀಳುತ್ತದೆ? ಅದರ ಮೇಲೆ ರುಕ್ಮೋದ್ದೀನ್ ಹೋಗುವಾಗ ಮನೆಯ ಮೇನ್ ಸ್ವಿಚ್ ಬಂದ್ ಮಾಡಿ ಹೋಗಿದ್ದ. ನನ್ನ ಮೊಬೈಲ್ ಚಾರ್ಜಿಲ್ಲದೆ ಸತ್ತಿತ್ತು. ಸತ್ತದ್ದು ಅದೊಂದೇ.

ಮುಂಜಾನೆ ಗುಂಡಿ ತೋಡುವ ಇಬ್ಬರು ಬಂದರು. ಹಿರಿಯವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ತಗ್ಗಿದ ದನಿಯಲ್ಲಿ ಕೇಳಿದ: “ಹೆಂಗ್ರಿ, ಕುಂದ್ರಸೋದೋ, ಮಲಗಸೋದೋ?”

ಸರಳಿನ ವಿಷಯ ಕೇಳುತ್ತಿದ್ದಾನೆ ಎಂದುಕೊಂಡು ಹೇಳಿದೆ: “ನಿಂದರಸ್ರಿ. ಮಲಗಿಸಿದ್ರ ಕೆಲಸ ಮಾಡಂಗಿಲ್ಲ.”

ಅವನು ಜೊತೆಗಾರನ ಮುಖ ನೋಡಿದ. “ಇಷ್ಟ ಗುಂಡಿ ತೋಡೇನಿ, ನಿಂತವ್ರಿಗಿ ತೋಡಿಲ್ರಿ. ಎತ್ತರ ಎಷ್ಟ ಇದ್ದಾರ?”

“ಎಂಟ ಫೂಟ.”

“ಯಪ್ಪೋ” ಎಂದು ಅವನು ಗುದ್ದಲಿ ನೆಲಕ್ಕೆ ಊರಿ ಕುಳಿತುಬಿಟ್ಟ.

ಅಷ್ಟರಲ್ಲಿ ಹೊರಗೆ ಗೋಳು ಕೇಳಿಸಿತು. ಹಿಂದಿನ ಓಣಿಯ ನೀಲಮ್ಮ ಆಯಿ ಕಟ್ಟೆಯ ಮೇಲೆ ಕುಳಿತು, ಸತ್ತವರ ಗುಣ ಒಂದೊಂದಾಗಿ ಎಣಿಸಿ ಹಾಡಿ ಅಳುತ್ತಿದ್ದಳು. ನಮ್ಮ ಊರಿನ ಯಾವ ಮಣ್ಣೂ ಈ ಆಯಿ ಅಳದೆ ಮುಗಿದಿಲ್ಲ. “ಯಪ್ಪಾ ನನ್ನ ಶರಣಪ್ಪಾ… ಹೆಂಡ್ತಿ ಹಾದಿ ಹಿಡದ್ಯಲ್ಲೋ… ಕೈ ಮಾಡಿದಲ್ಲಿ ಬಸ್ಸ ನಿಂದರಸ್ತಿದ್ಯಲ್ಲೋ… ಮುದುಕ್ಯಾರಿಗಿ ಕಿಡಕಿ ಸೀಟ ಕೊಡಸ್ತಿದ್ಯಲ್ಲೋ… ಒಬ್ಬರಿಗರ ಜೋರ್ ಮಾಡಲಿಲ್ಲಲ್ಲೋ…”

ನಾನು ಬಾಗಿಲ ಹಿಂದೆ ಸ್ವಲ್ಪ ಹೊತ್ತು ನಿಂತು ಕೇಳಿದೆ. ನಡುವೆ ಹೋಗಿ ತಡೆಯುವುದು ಸಭ್ಯತೆಯಲ್ಲ ಎನಿಸಿತು. ಜೊತೆಗೆ, ಇನ್ನೂ ಏನೇನು ಹೇಳುತ್ತಾಳೆ ಎಂಬ ಆಸೆಯೂ ಇತ್ತು. ಮಹಾದೇವಿಯ ದಿನವೂ ಈ ಆಯಿ ಇಲ್ಲೇ ಕುಳಿತು ಅತ್ತಿದ್ದಳಂತೆ. ಅಂದು ನನಗೆ ಒಂದು ಮಾತೂ ಕೇಳಿಸಿರಲಿಲ್ಲ. ಕಡೆಗೆ ಹೊರಗೆ ಬಂದೆ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಯ್ಯ! ಇದ್ದೀಯೇನು?”

“ಇದ್ದೇನಿ ಆಯಿ.”

“ಇದ್ರ ಚಲೋ ಆತು ಬಿಡು. ಆದ್ರ ಮುಂಜಾನಿಂದ ಚಹಾ ಸೈತ ಕುಡದಿಲ್ಲ ನಾ. ಮೊದ್ಲ ಹೇಳಬೇಕಿಲ್ಲೇನು?”

“ಕಿಡಕಿ ಸೀಟಿನ ಮಾತ ಖರೇನಾ ಆಯಿ?”

“ಅದು ಸತ್ತವ್ರಿಗಿ ಹೇಳೋದಪ್ಪಾ. ಬದಕಿದ್ದವ್ರಿಗಿ ಬ್ಯಾರೆ ಅದ. ನರೋಣಾದಾಗ ನನ್ನ ಬುಟ್ಟಿ ಇನ್ನಾ ಬಸ್ಸಿನ ಮ್ಯಾಲಿದ್ದಾಗ ಹೋಗ್ಲಿ ಅಂತ ಡಬಲ್ ಸೀಟಿ ಊದಿದ್ದಿ. ಅದು ನೆಪ್ಪದ ನನಗ.”

ಆಯಿಗೆ ಚಹಾ ಮಾಡಿಕೊಡುವಷ್ಟರಲ್ಲಿ ಟೆಂಪೋ ಬಂದು ನಿಂತಿತು. ಜೇವರ್ಗಿ ಕಡೆಯ ಇಜೇರಿಯಿಂದ ಮಹಾದೇವಿಯ ತಮ್ಮ ಸಿದ್ರಾಮ, ಭಜನೆಯ ಮಂದಿಯೊಂದಿಗೆ, ಮೊಣಕಾಲಿನವರೆಗೆ ಬರುವ ಚೆಂಡುಹೂವಿನ ಹಾರ ಹಿಡಿದು ಇಳಿದ. ನನ್ನನ್ನು ನೋಡಿ ಹಾರ ಹಿಡಿದ ಕೈ ಹಾಗೆಯೇ ನಿಂತಿತು.

“ಮಾಮಾ, ಇದೇನಿದು? ಹಾರ ವಾಪಸ್ ತಗೊಳ್ಳಾಂಗಿಲ್ಲ ಅಂದಾನ.”

“ಹಂಗಂತ ನಾ ಏನ ಮಾಡ್ಲಿ? ಹೋಗಿಬಿಡ್ಲಿ?”

ಹಾರವನ್ನು ಮಹಾದೇವಿಯ ಫೋಟೋಗೆ ಹಾಕಿದ. ಫೋಟೋ ಚಿಕ್ಕದು, ಹಾರ ನನ್ನ ಅಳತೆಗೆ ತಂದದ್ದು. ಕೆಳಗಿನ ಗುಮ್ಮನ ಮೇಲೂ ಬಂದು ಬಿತ್ತು. ಭಜನೆಯವರು ಬಂದದ್ದಕ್ಕೆ ಒಂದು ಪದ ಹಾಡಿಬಿಡುತ್ತೇವೆ ಎಂದು ತಾಳ ತೆಗೆದರು. ರುಕ್ಮೋದ್ದೀನ್ ಸರಳು ಹೆಗಲಿಗೆ ಹೊತ್ತು ಬಂದವನು ಜನಜಾತ್ರೆ ನೋಡಿ ದಿಗಿಲು ಬಿದ್ದು, “ಯಾರ ಹೋದ್ರಿ?” ಎಂದು ನನ್ನನ್ನೇ ಕೇಳಿದ. ನಾನು ಸಿಟ್ಟಿನಿಂದ ಅವನ ತೋಳು ಹಿಡಿದು ಹಿತ್ತಲಿಗೆ ತಳ್ಳಿದೆ.

ಉಪ್ಪು ಸುರಿಯುತ್ತಿದ್ದಾಗ ಸುವರ್ಣಾ ಬಂದಳು. ಯಾರೋ ಅವಳಿಗೂ ಫೋನ್ ಮಾಡಿದ್ದರು. ನನಗೆ ಹಚ್ಚಿದರೆ ನನ್ನದು ಬಂದ್. ಅಫಜಲಪುರದಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದಾಳೆ. ತಲೆಗೂದಲು ಕೆದರಿತ್ತು, ಒಂದು ಕಾಲಿನಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅಳಿಯನದು. ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಗುಂಡಿ ನೋಡಿದಳು. ಉಪ್ಪಿನ ಚೀಲ ನೋಡಿದಳು. ಗುಂಡಿಯಿಂದ ಮನೆಯೊಳಗೆ ಹೋದ ವಯರು ನೋಡಿದಳು.

“ಇದು ಆ ಗುಮ್ಮನ ಸಲುವಾಗೇನಪ್ಪಾ?”

ನಾನು ತಲೆ ಆಡಿಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಬಂದು ನನ್ನ ತೋಳು ಹಿಡಿದು, ಒಮ್ಮೆ ಗಟ್ಟಿಯಾಗಿ ಅಲ್ಲಾಡಿಸಿ, ಬಿಟ್ಟಳು. “ಹಾದಿ ತುಂಬ ನಾ ಏನೇನ ನೆನಸ್ಕೋತ ಬಂದೇನಿ ನಿನಗ ಗೊತ್ತದೇನು? ವರ್ಷದಾಗ ಎರಡ ಸಲ ಇದೇ ಹಾದಿ ಹಿಂಗ ಬರಬೇಕೇನು ನಾ? ಸಾಕಾತು. ಇವತ್ತ ಅದು ಈ ಮನ್ಯಾಗ ಇರಬಾರ್ದು.”

ಅವಳದು ತಪ್ಪಿರಲಿಲ್ಲ. ರುಕ್ಮೋದ್ದೀನ್ ಮಾತ್ರ ನನ್ನ ಪರವಾಗಿ, “ಒಂದ ಮಿನಿಟ್ ಅಕ್ಕಾರ, ಈಗ ಆವಾಜ ಕೇಳ್ರಿ, ಆಮ್ಯಾಗ ಫೈಸಲಾ ಮಾಡ್ರಿ” ಎಂದು ಗುಂಡಿಗೆ ಕೊಡ ಕೊಡ ನೀರು ಸುರಿದು ಮೇನ್ ಹಾಕಿದ. ಎಲ್ಲರೂ ಒಳಗೆ ಬಂದು ಗುಮ್ಮನ ಮುಂದೆ ನಿಂತರು, ಭಜನೆಯವರು, ಗುಂಡಿಯವರು, ಆಯಿ. ಬಟನ್ ಒತ್ತಿದ.

ಏನೂ ಇಲ್ಲ. ಗುಂಯ್ ಇಲ್ಲ, ಧಡ್ ಇಲ್ಲ. ಇಷ್ಟು ತಿಂಗಳಾದ ಮೇಲೆ ಮನೆ ಮತ್ತೆ ಭಣಭಣ ಎಂದಿತು. ರುಕ್ಮೋದ್ದೀನ್ ಮೀಸೆ ತಿರುವಿ, ಅಕ್ಕನ ಬಳಗದವರು ಹಾಡಿದ ವಚನ ಹಚ್ಚಿದ. ದನಿ ತಿಳಿನೀರಿನಂತೆ ಬಂತು. ತಬಲಾದ ಮೊದಲ ದಪ್ಪ ಪೆಟ್ಟು ಬಿತ್ತು. ಒಳಗಿನಿಂದ ‘ಗಿಲ್’ ಎಂದಿತು.

“ಇನ್ನೂ ಅದ!” ಎಂದಳು ಸುವರ್ಣಾ.

“ಅದು ಹಳೇದು. ಸ್ಕ್ರೂ” ಎಂದೆ ನಾನು.

“ಹಳೇದೋ ಹೊಸದೋ. ಸಿದ್ರಾಮ ಮಾಮಾ, ನಿಮ್ಮ ಟೆಂಪೋ ಖಾಲಿ ಹೊಂಟದಲ್ಲ? ಒಯ್ರಿ ಇದನ್ನ.”

ಸಿದ್ರಾಮ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಅವನು ಹಾರ ಸರಿಸಿ, ವಯರು ಕಿತ್ತು, ಗುಮ್ಮನನ್ನು ಎದೆಗೆ ಆನಿಸಿಕೊಂಡು ಎತ್ತಿದ. ಬಟ್ಟೆಯಲ್ಲಿನ ತಗ್ಗು ಅವನ ಅಂಗಿಗೆ ಒತ್ತಿ ಮರೆಯಾಯಿತು. ಬಾಗಿಲು ಸಣ್ಣದಾದ್ದರಿಂದ ಪೆಟ್ಟಿಗೆಯನ್ನು ಅಡ್ಡ ಹೊರಳಿಸಿದ. ಒಳಗೆ ಏನೋ ಗಲಗಲ ಎಂದು ಜಾರಿತು. ಇಲಿಬಿಲದಂತಹ ತೂತಿನಿಂದ ಒಂದು ಸ್ಟೀಲಿನ ಡಬ್ಬಿ ಠಣ್ ಎಂದು ಹೊಸ್ತಿಲ ಮೇಲೆ ಬಿದ್ದು, ಉರುಳಿ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಅದರ ಹಿಂದೆಯೇ ಇನ್ನೊಂದು.

ರುಕ್ಮೋದ್ದೀನ್ ಎತ್ತಿಕೊಂಡು ತಳ ನೋಡಿದ. ಮೊಳೆಯಿಂದ ಕೊರೆದ ‘ಶ’ ಎಲ್ಲರಿಗೂ ಕಾಣುವಂತೆ ಹಿಡಿದ. ಮುಚ್ಚಳ ತೆಗೆದು ಮೂಸಿದ. “ಸಾಹೇಬ್ರ,” ಎಂದ ತನ್ನ ಮೆರವಣಿಗೆಯ ದನಿಯಲ್ಲಿ, “ಇದು ಸ್ಪೀಕರ್ ಅಲ್ರಿ, ದೇವರ ಹುಂಡಿ! ನಿಮ್ಮ ಮನಿಯವ್ರು ಒಂದೊಂದಾಗಿ ಅರ್ಪಣ ಮಾಡ್ಯಾರ. ಮನಸ ಗಟ್ಟಿ ಬೇಕು ಅಂದ್ರಲ್ಲ, ಯಾರ ಮನಸ ಅಂತ ಹೇಳಲಿಲ್ಲ ನೀವು!”

ನೀಲಮ್ಮ ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಗುಂಡಿ ತೋಡುವವರು ನಕ್ಕರು. ಸುವರ್ಣಾ ಡಬ್ಬಿಯನ್ನೇ ನೋಡುತ್ತ, “ಅವ್ವ ಫೋನ್‌ದಾಗ ಹೇಳ್ತಿದ್ಳು” ಎಂದಳು. “ನಿಮ್ಮಪ್ಪನ ತಂಬಾಕ ಗುಮ್ಮ ನುಂಗ್ಯದ ಅಂತ. ಚಾಷ್ಟಿ ಮಾಡ್ತಾಳ ಅನ್ಕೊಂಡಿದ್ದೆ ನಾ.” ಹೇಳುತ್ತ ಹೇಳುತ್ತ ಅವಳಿಗೂ ನಗು ಬಂತು. ಗೋಡೆ ಹಿಡಿದು ನಕ್ಕಳು, ಕುಳಿತು ನಕ್ಕಳು. ಆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಎಂಬುದು ನನ್ನ ಕಂಡಕ್ಟರ್ ಕಿವಿಗೂ ತಿಳಿಯಲಿಲ್ಲ. ಕಡೆಗೆ ಕಣ್ಣು ಒರೆಸಿಕೊಂಡು, “ಮಾಮಾ, ಅದನ್ನ ಅಲ್ಲೇ ಇಡ್ರಿ” ಎಂದಳು. “ಅವ್ವನ ಮುಂದ ಇರ್ಲಿ.” ಬಾಗಿಲಲ್ಲಿ ಭಾರ ಹೊತ್ತು ನಿಂತಿದ್ದ ಸಿದ್ರಾಮ, “ಮೊದ್ಲ ಹೇಳಬಾರ್ದೇನವ್ವಾ?” ಎಂದ. ಅಂದು ಎಲ್ಲರೂ ಆಡಿದ್ದು ಅದೊಂದೇ ಮಾತು.

ನಾನು ಹಿಮ್ಮಡಿಯ ತಗ್ಗು ಮುಂದೆ ಬರುವಂತೆ ಪೆಟ್ಟಿಗೆಯನ್ನು ತಿರುಗಿಸಿ ಇಟ್ಟೆ. ಒಳಗೆ ಇನ್ನೂ ಇವೆ, ಬಿಚ್ಚಿ ತೆಗೆಯುತ್ತೇನೆ ಎಂದು ರುಕ್ಮೋದ್ದೀನ್ ಸ್ಕ್ರೂಡ್ರೈವರ್ ತೆಗೆದ. ಬೇಡ ಎಂದೆ. ಅವನು ಹೋದ ಮೇಲೆ ಹೊರಗೆ ಬಿದ್ದವನ್ನೂ ತೊಳೆದು ಒರೆಸಿ, ತೂತಿನೊಳಗೆ ಹಾಕಿದೆ. ತೊಳೆಯುವ ಮೊದಲು ಒಮ್ಮೆಯೂ ಮೂಸಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂಬೇಡಿ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ‘ಗಿಲ್’ ಅವಳಿಗೆ ನಿಜವಾಗಿ ಕೇಳಿಸುತ್ತಿರಲಿಲ್ಲವೇ? ಕಾಲಿನಲ್ಲಿ ತಬಲಾ ಕೇಳುತ್ತಿದ್ದವಳಿಗೆ?

ವರ್ಷದ ಕಾರ್ಯದ ದಿನ ಅಕ್ಕನ ಬಳಗದವರೆಲ್ಲ ಬಂದರು. ವಚನ ಹಚ್ಚಿದೆ. ಪೂಜೆಯ ನಡುವೆ ತಬಲಾ ಏರಿದಂತೆ ಗುಮ್ಮ ಗಿಲ್, ಗಿಲ್ ಎಂದಿತು. ಮುಂದೆ ಕುಳಿತ ಒಬ್ಬಾಕೆ ನನ್ನ ಕಡೆ ಬಾಗಿ, “ಒಳಗ ಏನೋ ಸಡಿಲಾಗ್ಯದಲ್ರಿ ಕಂಡಕ್ಟರ್ ಸಾಹೇಬ್ರ? ನಿಮ್ಮ ಕಿವಿ ಭಾಳ ಚುರುಕು ಅಂತಾರ” ಎಂದಳು.

“ನನಗೇನೂ ಕೇಳವಲ್ದು” ಎಂದೆ. ಕೈ ಮಾತ್ರ ತಾನಾಗಿ ಅಂಗಿಯ ಜೇಬು ಮುಟ್ಟಿ ನೋಡಿಕೊಂಡಿತು.